ಬೂದಿ ಬಣ್ಣದ ಸಾಲು

ಕರೇಮಡ್ಡಿಯ ಪ್ರೌಢಶಾಲೆಯ ಹತ್ತನೆಯ ತರಗತಿಯಲ್ಲಿ ಆ ಬೆಳಿಗ್ಗೆ ಓದುಗನಾಗಿ ಕೂತವನು ದವಸದ ಕಾವಲುಗಾರ ಭರಮಪ್ಪ. ಅವನ ಹಣೆಗೆ ಬೆರಳಗಲದ ಬೆಳ್ಳನೆಯ ಪಟ್ಟಿಯೊಂದನ್ನು ಬಿಗಿದಿದ್ದರು. ಕೈಯಲ್ಲಿ ವಿದ್ಯಾರ್ಥಿನಿಯೊಬ್ಬಳು ಬರೆದ ಹಾಳೆ. ಅವನು ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲು ದಾಟಿದಂತೆ ಎದುರಿನ ಗೋಡೆಯ ಪರದೆಯ ಮೇಲೆ ಅದೇ ಸಾಲುಗಳು ಬಣ್ಣ ಪಡೆಯುತ್ತಿದ್ದವು. ಓದುಗನ ಮನಸ್ಸು ನಿಂತಲ್ಲಿ ಹಸಿರು, ಜಾರಿದಲ್ಲಿ ಬೂದಿ. ಮೊದಲ ಸಾಲು ತೆಳುವಾಗಿ ಹಸಿರಾಯಿತು. ಎರಡನೆಯದು ಅರೆಬರೆ. ಮೂರನೆಯದರಿಂದ ಕೆಳಗೆ ಒಲೆ ಆರಿದ ಹಾಗೆ ಎಲ್ಲವೂ ಬೂದಿ. ಏಳನೆಯ ಸಾಲಿಗೆ ಬರುವಷ್ಟರಲ್ಲಿ ಭರಮಪ್ಪನ ಗದ್ದ ಎದೆಗೆ ತಾಗಿತ್ತು.

ತರಗತಿ ಗೊಳ್ಳೆಂದು ನಕ್ಕಿತು. ಭರಮಪ್ಪ ಬೆಚ್ಚಿ ಎದ್ದು ಹಣೆಪಟ್ಟಿಯನ್ನು ತಡವಿಕೊಂಡ.

"ಸಿಟ್ಟಾಗಬ್ಯಾಡ ತಂಗಿ," ಎಂದ, ಹಾಳೆ ಬರೆದವಳ ಕಡೆ ನೋಡಿ. "ರಾತ್ರಿ ಪಾಳಿ ಮುಗಿಸಿ ಹಂಗ ಬಂದೀನಿ. ಆದ್ರ ಖರೇ ಹೇಳ್ತೀನಿ, ನಿನ್ನ ಕಾಗದ ಓದಿದ್ರ ಪಾಳಿ ಇಲ್ಲದವ್ರಿಗೂ ನಿದ್ದಿ ಬರ್ತೈತಿ."

ಮಲಪ್ರಭಾ ತಳವಾರ ನಗಲಿಲ್ಲ. ಪರದೆಯ ಬೂದಿಯನ್ನೇ ನೋಡುತ್ತ ನಿಂತಿದ್ದಳು. ಅವಳ ಶಿಕ್ಷಕಿ ಇಂದುಮತಿ ಬಳಿಗೇರರೂ ನಗಲಿಲ್ಲ. ಆ ಹಾಳೆಯಲ್ಲಿದ್ದದ್ದು ಸಣ್ಣ ವಿಷಯವಲ್ಲ ಎಂಬುದು ಅವರಿಬ್ಬರಿಗೂ ಗೊತ್ತಿತ್ತು.

ಎರಡು ಸಾವಿರದ ಎಪ್ಪತ್ತನೆಯ ಇಸವಿ ದಾಟಿದ ಮೇಲೆ ಆ ಸೀಮೆಯ ಬಿಸಿಲು ತಗಡಿನ ಉಗ್ರಾಣಗಳನ್ನು ಬಾಣಲೆಗಳನ್ನಾಗಿ ಮಾಡಿಬಿಟ್ಟಿತ್ತು. ಒಳಗಿಟ್ಟ ಜೋಳ ತಿಂಗಳೊಪ್ಪತ್ತಿನಲ್ಲಿ ಕಮಟಾಗುತ್ತಿತ್ತು. ಆಗ ಎಂಜಿನಿಯರುಗಳು ಮರೆತುಹೋಗಿದ್ದ ಹಗೇವನ್ನು ಮತ್ತೆ ನೆನೆಸಿಕೊಂಡರು. ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯನ ಭುಜ ತೂರುವಷ್ಟು ಬಾಯಿ, ಕೆಳಗೆ ಹಂಡೆಯಂಥ ಹೊಟ್ಟೆ. ಎಷ್ಟೇ ಬಿಸಿಲಿದ್ದರೂ ಮೂವತ್ತಡಿ ಆಳದಲ್ಲಿ ತಂಪು ತಂಪಾಗಿಯೇ ಇರುತ್ತದೆ. ಕರೇಮಡ್ಡಿಯ ಗಟ್ಟಿ ನೆಲದಲ್ಲಿ ಅಂಥ ಅರವತ್ತನಾಲ್ಕು ಹಗೇವು ತೋಡಿ, ಒಳಗೆ ಸಿಮೆಂಟು ಬಳಿದು, ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿದರು. ಹುಳ ಬೀಳಬಾರದೆಂದು ಕಾಳಿನ ನಡುವೆ ಗುಳಿಗೆಗಳನ್ನು ಹೂತಿಟ್ಟರು. ಗಾಳಿಯ ತೇವಕ್ಕೆ ಗುಳಿಗೆ ಕರಗಿ ಒಂದು ಬಗೆಯ ಅನಿಲ ಬಿಡುತ್ತದೆ. ಆಹಾರ ಇಲಾಖೆಯವರು ಅದಕ್ಕೆ ಕೀಟಧೂಮ ಎಂದು ಹೆಸರಿಟ್ಟರು. ಹುಳ ಸಾಯಿಸುವ ಧೂಮ ಮನುಷ್ಯನನ್ನೂ ಬಿಡುವುದಿಲ್ಲ.

ಹಳೆಯ ಹಗೇವಿಗೆ ಇಳಿಯುವ ಮುಂಚೆ ಹಗ್ಗ ಕಟ್ಟಿ ಲಾಟೀನು ಇಳಿಸುವುದು ತಲೆತಲಾಂತರದ ಪದ್ಧತಿ. ಒಳಗಿನ ಗಾಳಿ ಕೆಟ್ಟಿದ್ದರೆ, ಎಂದರೆ ಉಸಿರಾಡುವ ವಾಯು ಕಡಿಮೆಯಾಗಿದ್ದರೆ, ದೀಪ ಆರುತ್ತದೆ. ಉರಿಯುತ್ತ ಮೇಲೆ ಬಂದರೆ ಅದಕ್ಕೆ ಕೈಮುಗಿದು ಇಳಿಯುತ್ತಾರೆ. ಆ ಪದ್ಧತಿ ಹಳೆಯ ಗಾಳಿಗೆ ಸರಿ. ಕೀಟಧೂಮದ ಸಂಗತಿಯೇ ಬೇರೆ. ಮನುಷ್ಯನನ್ನು ಕೊಲ್ಲುವಷ್ಟು ಧೂಮವಿದ್ದಾಗಲೂ ದೀಪ ನೆಟ್ಟಗೆ ಉರಿಯುತ್ತಿರುತ್ತದೆ. ಅದನ್ನು ಕಳೆಯಲು ಇದ್ದ ದಾರಿ ಒಂದೇ: ಹಗೇವಿನ ಪಕ್ಕದ ಕೊಳವೆಗೆ ಜೋಡಿಸಿದ ಫ್ಯಾನು ಎಂಟು ತಾಸು ಓಡಬೇಕು. ಆಮೇಲೆ ಧೂಮಸೂಚಕ ಎಂಬ ಸಲಕರಣೆಯ ಮುಳ್ಳು ಸೊನ್ನೆಗೆ ಬಂದಿದೆಯೇ ಎಂದು ನೋಡಬೇಕು. ಎಂಟು ತಾಸು ಕಾಯಲು ಯಾರಿಗೂ ಮನಸ್ಸಿರಲಿಲ್ಲ. ಮೂರು ವರ್ಷಗಳಲ್ಲಿ ಹನ್ನೊಂದು ಜಿಲ್ಲೆ ಕೂಡಿ ಹತ್ತೊಂಬತ್ತು ಜನ ಸತ್ತಿದ್ದರು. ಇಲಾಖೆ ಹಂಚಿದ ಸೂಚನಾಪತ್ರಗಳಲ್ಲಿ ಅಂಗಡಿಯವರು ಮಿರ್ಚಿ ಭಜಿ ಕಟ್ಟಿಕೊಡುತ್ತಿದ್ದರು.

ಅದಕ್ಕೇ ಇಲಾಖೆ ಶಾಲೆಗಳ ಕಡೆ ತಿರುಗಿತು. ಜನರು ಓದಿಯೇ ತೀರಬೇಕು ಅನ್ನಿಸುವಂಥ ಮಾಹಿತಿ ಬರಹವನ್ನು ಮಕ್ಕಳು ಬರೆಯಲಿ, ಗೆದ್ದದ್ದನ್ನು ಎಲ್ಲ ಹಗೇವುಗಳಿಗೂ ಹಂಚುತ್ತೇವೆ ಎಂದಿತು. ಬರಹ ಹಿಡಿದಿಡುತ್ತದೋ ಇಲ್ಲವೋ ಎಂದು ನೋಡಲು ಗಮನಪಟ್ಟಿ ಇದ್ದೇ ಇತ್ತು. ಕಣ್ಣಿನ ಓಟ, ನೆತ್ತರಿನ ಮಿಡಿತ, ಮಿದುಳಿನ ಸಣ್ಣ ಮಿಂಚುಗಳನ್ನು ಕೂಡಿಸಿ ಅದು ಸಾಲುಸಾಲಿಗೂ ಬಣ್ಣ, ಇಡೀ ಬರಹಕ್ಕೆ ನೂರರಲ್ಲಿ ಅಂಕ ಕೊಡುತ್ತಿತ್ತು.

ಮಲಪ್ರಭಾಳ ಅಪ್ಪ ದ್ಯಾಮಣ್ಣ ಆ ಹತ್ತೊಂಬತ್ತು ಜನರಲ್ಲಿ ಒಬ್ಬ.

ಇಂದುಮತಿಯವರು ಮೂವತ್ತು ವರ್ಷ ಪಾಠ ಹೇಳಿದವರು. ಮೊದಲೆಲ್ಲ ಮಕ್ಕಳಿಗೆ ಮೂರು ಪ್ರಶ್ನೆ ಕೇಳುತ್ತಿದ್ದರು: ಇದನ್ನು ಓದುವವನು ಯಾರು, ಎಲ್ಲಿ ನಿಂತಿದ್ದಾನೆ, ಓದಿದ ಮೇಲೆ ಏನು ಮಾಡಬೇಕು? ಗಮನಪಟ್ಟಿ ಬಂದ ಮೇಲೆ ಆ ಪ್ರಶ್ನೆಗಳು ತಾವಾಗಿಯೇ ಹಿಂದೆ ಸರಿದಿದ್ದವು. ಪರದೆ ಎದುರಿಗೇ ಇರುವಾಗ ಕೇಳುವುದೇನು? ಹಸಿರೋ ಬೂದಿಯೋ ಕಣ್ಣಿಗೇ ಕಾಣುತ್ತಿತ್ತು.

"ನಿನ್ನ ಕಾಗದದಾಗ ತಪ್ಪೇನಿಲ್ಲ ಪ್ರಭಾ," ಎಂದರು ಮಕ್ಕಳೆಲ್ಲ ಹೋದ ಮೇಲೆ. "ಎಲ್ಲಾ ಬರೋಬ್ಬರಿ ಬರದೀ. ಆದ್ರ ಮನುಷ್ಯಾರ ಇಲ್ಲ ನೋಡು. ಬರೇ ಗಾಳಿ, ಫ್ಯಾನು, ತಾಸು. ಯಾರರ ಒಬ್ರು ಹಗೇವಿಗೆ ಇಳೀಬೇಕು. ಓದಾವ್ರು ಅವರ ಬೆನ್ನ ಹಿಂದ ಇಳೀತಾರ."

ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

"ನಮ್ಮಪ್ಪನ್ನ ಇಳಸ್ಲೇನ್ರಿ ಅಕ್ಕೋರ?"

ಆಗಲೇ ಬೇಡ ಅನ್ನಬಹುದಿತ್ತು. ಇಂದುಮತಿಯವರು ಅವಳ ತಲೆ ಸವರಿ, "ನಿನಗ ಆಗತೈತೇನು?" ಎಂದರು. ಆಗುತ್ತದೆ ಎಂದಳು.

ಎರಡನೆಯ ಹಾಳೆಯಲ್ಲಿ ದ್ಯಾಮಣ್ಣ ಬಂದ. ನಲವತ್ತು ಅಂಕ. ಮೂರನೆಯದರಲ್ಲಿ ಅವನು ತಲೆಗೆ ಸುತ್ತುತ್ತಿದ್ದ ನೀಲಿ ಟವೆಲ್ಲು, ಅವತ್ತು ಬೆಳಿಗ್ಗೆ ಅರ್ಧ ತಿಂದು ಬಿಟ್ಟ ರೊಟ್ಟಿ ಬಂದವು. ಅರವತ್ತೊಂದು. ಅವನನ್ನು ಮೇಲೆತ್ತಿ ಅಂಗಳದಲ್ಲಿ ಮಲಗಿಸಿದಾಗ ಅವನ ಕಿವಿಯೊಳಗಿದ್ದ ಎರಡು ಜೋಳದ ಕಾಳುಗಳನ್ನು ತಾನೇ ತೆಗೆದದ್ದನ್ನು ಮಲಪ್ರಭಾ ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ ಹೇಳಿರಲಿಲ್ಲ. ನಾಲ್ಕನೆಯ ಹಾಳೆಯಲ್ಲಿ ಅದನ್ನೂ ಬರೆದಳು. ಪರದೆ ಬೆಳೆ ನಿಂತ ಹೊಲದ ಹಾಗೆ ಹಸಿರಾಯಿತು. ಎಪ್ಪತ್ತೆಂಟು. ಅಂಕ ಏರಿದಷ್ಟೂ ಹುಡುಗಿ ತನ್ನೊಳಗಿಂದ ಒಂದೊಂದನ್ನೇ ತೆಗೆದು ಕೊಡುತ್ತಿದ್ದಳು. ಶಿಕ್ಷಕಿ ಶಾಬಾಸ್ ಎನ್ನುತ್ತಿದ್ದರು.

ಒಂದು ಕಡೆ ಮಾತ್ರ ಬಣ್ಣ ಕೆಡುತ್ತಿತ್ತು. 'ಅಪ್ಪ ಲಾಟೀನು ಇಳಿಸಿದ. ಅದು ಉರಿಯುತ್ತಲೇ ಮೇಲೆ ಬಂತು. ಅಪ್ಪ ಅದಕ್ಕೆ ಕೈಮುಗಿದು ಒಳಗಿಳಿದ.' ಓದಲು ಕೂತ ಆರು ಜನರಲ್ಲಿ ಆರೂ ಜನರ ಮನಸ್ಸು ಅಲ್ಲೇ ಎಡವುತ್ತಿತ್ತು. ಎಡವಿದ್ದು ಮತ್ತೆ ಏಳುತ್ತಿರಲಿಲ್ಲ. ಕಥೆಯ ಕೆಳಗೆ ಅಂಕಿ ಹಾಕಿ ಬರೆದ ಸೂಚನೆಗಳೆಲ್ಲ ಬೂದಿ.

"ದೀಪ ಉರೀತಂದ ಮ್ಯಾಲ ಮನಷ್ಯಾ ಸಾಯೂದು ಹ್ಯಾಂಗ?" ಎಂದ ಭರಮಪ್ಪ. "ಇಲ್ಲೇನೋ ತಪ್ಪೈತ್ರಿ ಅಕ್ಕೋರ. ಹುಡುಗಿಗೆ ನೆಪ್ಪಿಲ್ಲ."

ಆ ಸಾಲನ್ನು ಮೂರು ದಿನ ಹಿಂದೆ ಮುಂದೆ ಸರಿಸಿ ನೋಡಿದರು. ಬೂದಿ ಹೋಗಲಿಲ್ಲ. ಕಳಿಸುವ ಗಡುವು ಹತ್ತಿರ ಬಂದಿತ್ತು. ನಾಲ್ಕನೆಯ ದಿನ ಇಂದುಮತಿಯವರು ಹೇಳಿದರು:

"ಅಪ್ಪ ಅವತ್ತು ಲಾಟೀನು ಒಯ್ಯಲೇ ಇಲ್ಲ ಅಂತ ಬರದ್ರ?"

"ಒಯ್ದಿದ್ದರಿ."

"ಗೊತ್ತೈತಿ. ದೀಪದಿಂದ ಈ ಧೂಮ ತಿಳಿಯೂದಿಲ್ಲ ಅನ್ನೂದು ಕೆಳಗ ಏಳನೇ ಸೂಚನೆಯೊಳಗ ಐತಲ್ಲ, ಅದು ಹಂಗ ಇರ್ಲಿ. ಮ್ಯಾಲಿಂದು ಕಥಿ. ಕಥಿ ಓದಿಸ್ಕೊಂಡು ಹೋದ್ರಲ್ಲೇನು ಜನ ಏಳನೇದಕ್ಕ ಮುಟ್ಟೂದು?"

ಮಲಪ್ರಭಾ ಪೆನ್ನು ಹಿಡಿದು ಕೂತಳು. ಆಮೇಲೆ ಒಂದೇ ಉಸಿರಿಗೆ ಬರೆದಳು: 'ಅಂದು ಅಪ್ಪನ ಲಾಟೀನು ಮನೆಯ ಗೂಟದಲ್ಲೇ ತೂಗುತ್ತಿತ್ತು.'

ಆ ಸಾಲಿನಷ್ಟು ಕಡು ಹಸಿರನ್ನು ಆ ಪರದೆ ಅದುವರೆಗೆ ಕಂಡಿರಲಿಲ್ಲ. ತೊಂಬತ್ತಾರು ಅಂಕ. ಭರಮಪ್ಪ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಗಮನಪಟ್ಟಿಯನ್ನು ಕಂಡುಹಿಡಿದ ವಾಚನ ವಿಜ್ಞಾನಿ ಡಾ. ಅನಿರುದ್ಧ ಮುಳಗುಂದ ಸ್ವತಃ ಕರೇಮಡ್ಡಿಗೆ ಬಂದು ಹುಡುಗಿಯ ಬೆನ್ನು ತಟ್ಟಿದರು. ಗೆದ್ದ ಆ ಬರಹ ಕರಪತ್ರವಾಗಿ ಹನ್ನೊಂದು ಜಿಲ್ಲೆಗೂ ಹೋಯಿತು. ಆ ಬಿಸಿಲಿನಲ್ಲಿ ಜನರ ಕೈಫೋನುಗಳು ಹೊಲದಲ್ಲಿ ಕಾದು ಬಂದ್ ಆಗುತ್ತಿದ್ದ ಕಾರಣ ಕಾಗದಕ್ಕೆ ಮತ್ತೆ ಬೆಲೆ ಬಂದಿತ್ತು. ಜನ ಅದನ್ನು ಓದಿದರು, ಓದಲು ಬಾರದವರಿಗೆ ಓದಿ ಹೇಳಿದರು, ಗೋಡೆಗೆ ಅಂಟಿಸಿದರು. ಯಾರೂ ಮಿರ್ಚಿ ಕಟ್ಟಲಿಲ್ಲ. ಮಲಪ್ರಭಾಳ ಸೋದರಮಾವ ಫಕೀರಪ್ಪ ಹಗೇವಿಗಿಳಿದು ಕಾಳು ತೆಗೆಯುವ ಗುಂಪಿನ ಮುಖಂಡ. ಅವನಿಗಂತೂ ಕರಪತ್ರ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠವಾಯಿತು. ಅಂದಿನಿಂದಲೇ ಅವನು ತಂಗಿಯ ಮನೆಗೆ ಕಾಲಿಡುವುದನ್ನು ಬಿಟ್ಟ.

ಇದು ಇಂದುಮತಿಯವರಿಗೆ ಗೊತ್ತಾದದ್ದು ತಡವಾಗಿ. ಡಾ. ಮುಳಗುಂದ ಇನ್ನೊಮ್ಮೆ ಬಂದಿದ್ದ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ದ್ಯಾಮಣ್ಣನ ಹೆಂಡತಿ ಹುಲಿಗೆವ್ವ ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಕ್ಷರ ಕಲಿಯದ ಹೆಣ್ಣುಮಗಳು. ಸೆರಗನ್ನು ತಲೆತುಂಬ ಹೊದ್ದಿದ್ದಳು. ಮಗಳು ತಾಯಿಯನ್ನು ಕಂಡು ಗೋಡೆಯ ಕಡೆ ಮುಖ ಮಾಡಿದಳು.

"ಸಾಹೇಬ್ರ, ಆ ಪಟ್ಟಿ ನನ್ನ ಹಣೀಗೂ ಕಟ್ರಿ," ಎಂದಳು ಹುಲಿಗೆವ್ವ. "ನನಗ ಓದಾಕ ಬರೂದಿಲ್ಲ. ನನ್ನ ಮಗಳು ಓದ್ಲಿ, ನಾ ಕೇಳ್ತೀನಿ."

ಡಾ. ಮುಳಗುಂದ ಸಂತೋಷದಿಂದಲೇ ಕಟ್ಟಿದರು. ಮಲಪ್ರಭಾ ಓದಿದಳು. ದನಿ ಎರಡು ಸಲ ಒಡೆಯಿತು. ಪರದೆಯ ಮೇಲೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಕಡು ಹಸಿರು.

"ನೂರಕ್ಕೆ ನೂರು!" ಎಂದರು ವಿಜ್ಞಾನಿ. "ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲಮ್ಮ."

"ಇದರಾಗ ಸುಳ್ಳಿನ ಬಣ್ಣ ಯಾವ್ದ್ರಿ?"

"ಅಂದ್ರೆ?"

"ಲಾಟೀನು ಗೂಟದಾಗಿತ್ತು ಅಂತ ಓದಿದ್ಲಲ್ಲ, ಅದು ಸುಳ್ಳರಿ. ಅದಕ್ಕ ಬ್ಯಾರೇ ಬಣ್ಣ ಬರಬೇಕಿತ್ತಲ್ಲ?"

ಡಾ. ಮುಳಗುಂದ ಕನ್ನಡಕ ತೆಗೆದು ಒರೆಸಿದರು. "ಇದು ಮನಸ್ಸು ನಿಂತಿತೋ ಇಲ್ಲವೋ ಅನ್ನೋದನ್ನಷ್ಟೇ ಹೇಳುತ್ತೆ. ನಿಜ ಸುಳ್ಳು ಇದಕ್ಕೆ ತಿಳಿಯೋದಿಲ್ಲಮ್ಮ. ಅದಕ್ಕೆ ಬಣ್ಣ ಇಲ್ಲ."

ಹುಲಿಗೆವ್ವ ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು.

"ನೀರಿಗೆ ಹೋದ್ರ ಹೆಣಮಕ್ಕಳು ದಾರಿ ಬಿಡ್ತಾರ್ರಿ ನನಗ. ಗಂಡ ಹಗೇವಿಗೆ ಹೊಂಟಾಗ ಲಾಟೀನು ಕೈಗೆ ಕೊಡಲಾರದಾಕಿ ಅಂತ. ಒಡಹುಟ್ಟಿದ ಅಣ್ಣ ಮಾರಿ ನೋಡೂದಿಲ್ಲ. ಅಕ್ಕೋರ, ನಿಮ್ಮನ್ನ ನಾ ಏನೂ ಅನ್ನಾಕ ಬಂದಿಲ್ಲ. ನನ್ನ ಕೂಸು ಬರದೈತಿ. ಜನ ಬದಕ್ತಾರಂದ್ರ ಬರೀಲಿ. ನಾ ತಡಕೋತೀನಿ."

ಇಷ್ಟು ಹೇಳಿ ಹೊರಟುಹೋದಳು. ಇಂದುಮತಿಯವರು ಅವಳ ಹಿಂದೆ ಬಾಗಿಲವರೆಗೆ ಹೋದರು. ಅಲ್ಲಿಂದಲೇ ತಿರುಗಿ ಬಂದರು. 'ಜನ ಬದುಕುತ್ತಾರೆ' ಎಂಬ ಮಾತೊಂದನ್ನೇ ಹಿಡಿದುಕೊಂಡು ಆ ಬೇಸಗೆ ಕಳೆದರು. ಸುಳ್ಳು ಒಬ್ಬಳ ಮೇಲೆ ಬಿದ್ದಿತ್ತು, ನಿಜ. ಅದರಿಂದ ನೂರು ಜನ ಉಳಿದರೆ ಕೊನೆಗೊಂದು ದಿನ ಅವಳ ಮುಂದೆ ತಲೆ ಎತ್ತಿ ನಿಲ್ಲಬಹುದು.

ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಹಗೇವುಗಳನ್ನು ತೆಗೆಯಲು ಶುರು ಮಾಡಿದರು. ಮೊದಲ ವಾರದಲ್ಲೇ ಪಕ್ಕದ ಬಿಳೇಹಾಳದಲ್ಲಿ ಮೂವರು ಸತ್ತರು. ಒಬ್ಬ ಇಳಿದ, ಮಾತಿಲ್ಲ. ಅವನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಫ್ಯಾನು ಒಂದು ತಾಸೂ ಓಡಿರಲಿಲ್ಲ. ಜನ ಓಡಿ ಬಂದಾಗ ಹಗೇವಿನ ಬಾಯಲ್ಲಿ ಹೂವು ಕಟ್ಟಿದ ಲಾಟೀನು ಇನ್ನೂ ಉರಿಯುತ್ತಿತ್ತು. ಅದಕ್ಕೆ ದ್ಯಾಮಣ್ಣನ ಲಾಟೀನು ಎಂದು ಹೆಸರಾಗಿತ್ತು. ಕರಪತ್ರ ಓದಿದ ಮೇಲೆ ಪ್ರತಿ ಊರಲ್ಲೂ ಅಂಥದ್ದೊಂದನ್ನು ತಂದಿಟ್ಟಿದ್ದರು.

ಡಾ. ಮುಳಗುಂದ ಎರಡು ದಿನ ಬಿಳೇಹಾಳದಲ್ಲಿ ಮನೆ ಮನೆ ತಿರುಗಿ, ಮೂರನೆಯ ದಿನ ಶಾಲೆಗೆ ಬಂದು ಕುಸಿದಂತೆ ಕೂತರು.

"ಎಲ್ಲರೂ ಪೂರ್ತಿ ಓದಿದ್ದಾರೆ ಮೇಡಂ. ಒಬ್ಬರೂ ನಡುವೆ ಬಿಟ್ಟಿಲ್ಲ. ಏಳನೆಯ ಸೂಚನೆಯನ್ನೂ ಓದಿದ್ದಾರೆ. ಏನು ತಿಳಕೊಂಡ್ರಿ ಅಂತ ಕೇಳಿದೆ. ನೂರು ಜನರಲ್ಲಿ ತೊಂಬತ್ತಾರು ಜನ ಒಂದೇ ಮಾತು ಹೇಳಿದರು: ಲಾಟೀನು ಒಯ್ದಿದ್ದರೆ ದ್ಯಾಮಣ್ಣ ಉಳೀತಿದ್ದ."

"ಫ್ಯಾನು?"

"ಲಾಟೀನು ಇದ್ದರೆ ಫ್ಯಾನು ಯಾಕೆ ಅಂದರು. ಮೊದಲು ಅಷ್ಟಿಷ್ಟಾದರೂ ಹೆದರಿಕೆ ಇತ್ತು, ಎರಡು ಮೂರು ತಾಸು ಕಾಯುತ್ತಿದ್ದರು. ಈಗ ಅದೂ ಇಲ್ಲ. ಮನಸ್ಸು ಕಥೆಯಿಂದ ಒಂದು ಗಂಟು ಕಟ್ಟಿಕೊಂಡು ಹೊರಡುತ್ತೆ ಮೇಡಂ. ಗಂಟು ಕಟ್ಟಿದ ಮೇಲೆ ಕೆಳಗಿನ ಸೂಚನೆಗಳ ಮೇಲೆ ಕಣ್ಣು ಸರಿದಾಡಿದರೂ ಒಳಗೆ ಜಾಗ ಇರೋದಿಲ್ಲ. ಅವರು ನಿಂತರೋ ಇಲ್ಲವೋ ಅಂತ ನಾನು ಅಳೆದೆ. ಏನು ಹೊತ್ತುಕೊಂಡು ಹೋದರು ಅಂತ ಅಳೀಲಿಲ್ಲ."

"ನಾನು ಕೇಳ್ತಿದ್ದೆ ಮದಲ," ಎಂದರು ಇಂದುಮತಿ. "ಓದಿದ ಮ್ಯಾಲ ಏನು ಮಾಡ್ತಾನ ಅಂತ. ಬಿಟ್ಟುಬಿಟ್ಟೆ."

ಅಂದೇ ಮಲಪ್ರಭಾಳನ್ನು ಕೂರಿಸಿಕೊಂಡು ತಿದ್ದುಪಡಿ ಬರೆದರು. ಲಾಟೀನು ಉರಿಯುತ್ತಲೇ ಮೇಲೆ ಬಂದಿತ್ತು, ದೀಪವನ್ನು ನಂಬಬೇಡಿ, ಫ್ಯಾನು ಎಂಟು ತಾಸು ಓಡಲಿ. ಊರಿನ ಹನ್ನೆರಡು ಜನರ ಹಣೆಗೆ ಪಟ್ಟಿ ಕಟ್ಟಿ ಓದಿಸಿದರು. ಎರಡನೆಯ ಸಾಲಿಗೇ ಬೂದಿ ಇಳಿಯಿತು. ಭರಮಪ್ಪ ಹಾಳೆಯನ್ನು ಮಡಚಿ ತಿರುಗಿ ಕೊಟ್ಟ.

"ದ್ಯಾಮಣ್ಣಗ ಆಗಲಾರದವ್ರು ಯಾರೋ ಬರದಾರ್ರಿ ಇದನ್ನ," ಎಂದ. ಬರೆದವಳು ಎದುರಿಗೇ ನಿಂತಿದ್ದಳು.

ಮರುದಿನ ಬೆಳಿಗ್ಗೆ ಆರಕ್ಕೆ ಮಲಪ್ರಭಾ ಓಡುತ್ತ ಇಂದುಮತಿಯವರ ಮನೆಗೆ ಬಂದಳು.

"ಅಕ್ಕೋರ, ಮಾಮಾ ನಲವತ್ತೆರಡನೇ ಹಗೇವು ತಗೀತಾನಂತ. ಕರೆಂಟ್ ಹೋಗಿ ಫ್ಯಾನು ಎರಡ ತಾಸ ಓಡೇತಿ. ಎಷ್ಟು ಹೇಳಿದ್ರೂ ಕೇಳವಲ್ಲ."

ಇಂದುಮತಿಯವರು ಬಂದಾಗ ಫಕೀರಪ್ಪ ಮುಚ್ಚಳದ ನಡುವಿನ ಕಿಂಡಿಯಿಂದ ಲಾಟೀನನ್ನು ಮೇಲೆಳೆದುಕೊಳ್ಳುತ್ತಿದ್ದ. ದೀಪ ನೆಟ್ಟಗೆ ಉರಿಯುತ್ತಿತ್ತು. ಅವನ ಗುಂಪಿನ ನಾಲ್ವರು ಅದಕ್ಕೆ ಕೈಮುಗಿದರು. ಗಾಳಿಯಲ್ಲಿ ಬೆಳ್ಳುಳ್ಳಿಯಂಥ ಸಣ್ಣ ವಾಸನೆ ಇತ್ತು. ಕೀಟಧೂಮದ ವಾಸನೆ ಅದು. ಇಂದುಮತಿಯವರು ಅವರ ನಡುವೆ ನುಗ್ಗಿದರು. ಕಿಂಡಿಯ ತಗಡನ್ನು ಎಳೆದು ಮುಚ್ಚಿ, ಅದರ ಮೇಲೆ ಕೂತುಬಿಟ್ಟರು.

"ಅಕ್ಕೋರ, ಅದು ಸಾಲಿ ಬೆಂಚಲ್ರಿ," ಎಂದ ಫಕೀರಪ್ಪ. "ಬಿಸಲೇರಿದ್ರ ಮ್ಯಾಲ ನಿಂತು ಚೀಲ ಎಳಿಯಾಕ ಆಗೂದಿಲ್ಲ. ಏಳ್ರಿ."

"ನಾ ಏಳೂದಿಲ್ಲ."

"ದಿನಾ ಕ್ವಿಂಟಲ್ ಚೀಲ ಎತ್ತಾವ್ರು ನಾವು. ನಿಮ್ಮನ್ನೆತ್ತಿ ಆಕಡೆ ಇಡೂದು ದೊಡ್ಡ ಮಾತಲ್ಲ." ಜೊತೆಗಾರರು ನಕ್ಕರು. ಫಕೀರಪ್ಪ ನಗುತ್ತಲೇ ಎದೆಯ ಮೇಲೆ ಕೈಯಿಟ್ಟು ಒಪ್ಪಿಸಿದ: "'ಅಂದು ಅಪ್ಪನ ಲಾಟೀನು ಮನೆಯ ಗೂಟದಲ್ಲೇ ತೂಗುತ್ತಿತ್ತು.' ನಿಮ್ಮ ಸಾಲ್ಯಾಗ ಬರದದ್ದು. ನಾವು ಅದರಂಗ ನಡಿಯಾಕತ್ತೀವಿ. ಈಗ ನೀವ ಅಡ್ಡ ಕುಂತ್ರ ಹ್ಯಾಂಗ್ರಿ?"

"ಆ ಸಾಲು ಸುಳ್ಳು ಫಕೀರಪ್ಪ. ಬರಸಿದಾಕಿ ನಾನು."

ನಗು ನಿಂತಿತು. ಫಕೀರಪ್ಪ ಅವರನ್ನು ಒಂದು ಗಳಿಗೆ ನೋಡಿದ.

"ಬಿಳೇಹಾಳದ ಸುದ್ದಿ ಕೇಳಿ ಹೆದರೀರಿ. ಅದಕ್ಕ ಹಿಂಗ ಅಂತೀರಿ."

"ಮಾಮಾ, ಖರೇನ ಸುಳ್ಳು," ಎಂದಳು ಮಲಪ್ರಭಾ. "ನಾನ ಬರದಾಕಿ."

"ನೀ ಸುಮ್ಮನಿರು. ಹೆತ್ತಾಕಿ ಮ್ಯಾಲಿನ ಮಾತು ತಗ್ಯಾಕ ಹೊಂಟೀ. ಗೊತ್ತಾಗೂದಿಲ್ಲೇನು ನನಗ?" ಅವನು ಅಂಗಿಯ ತೋಳು ಮೇಲೇರಿಸಿದ. "ಅಕ್ಕೋರ, ಕಡೀ ಸಲ ಕೇಳ್ತೀನಿ."

ಹಿಂದೆ ಸ್ವಲ್ಪ ದೂರದಲ್ಲಿ ಹುಲಿಗೆವ್ವ ನಿಂತಿದ್ದಳು. ಮಗಳ ಹಿಂದೆಯೇ ಬಂದವಳು, ಅಣ್ಣನ ಹತ್ತಿರ ಬರಲಾರದೆ ಅಲ್ಲೇ ನಿಂತಿದ್ದಳು. ಈಗ ಎರಡು ಹೆಜ್ಜೆ ಮುಂದೆ ಬಂದಳು.

"ಯಣ್ಣಾ. ಅವತ್ತು ನಮ್ಮ ಲಾಟೀನಿನ ಗಾಜು ಒಡದಿತ್ತು. ನಿನ್ನ ಮನೀ ಲಾಟೀನ ತಂದಿದ್ದೆ ನಾನು. ನಿನ್ನ ಹೇಂತಿ ಬತ್ತಿ ಏರಿಸಿ ಕೊಟ್ಲು."

ಫಕೀರಪ್ಪ ತಿರುಗಲಿಲ್ಲ.

"ಅವರನ್ನ ಎತ್ತಿದ ಮ್ಯಾಲ ಆ ಲಾಟೀನು ಎಲ್ಲಿತ್ತು, ನೆನಸ್ಕೊ. ಹಗೇವಿನ ಬಾಯಾಗ ಇನ್ನೂ ಉರೀತಿತ್ತು. ಅದನ್ನ ಊದಿ ಆರಿಸಿ ಮನೀಗೆ ಒಯ್ದವ ಯಾರು?"

ಮಡ್ಡಿ ಬಯಲಿನ ಮೇಲೆ ಗಾಳಿ ಬೀಸಿತು. ಫಕೀರಪ್ಪ ಏರಿಸಿದ ತೋಳನ್ನು ಕೆಳಗೆಳೆದುಕೊಂಡ. ಬಾಯಿಪಾಠವಾಗಿದ್ದ ಸಾಲು ಅವನ ಕಣ್ಣೆದುರು ಅಷ್ಟು ಸ್ಪಷ್ಟವಾಗಿತ್ತು. ಗೂಟ, ಗೋಡೆ, ತೂಗುವ ಲಾಟೀನು, ಎಲ್ಲವನ್ನೂ ತಾನೇ ಕಂಡಂತೆ ಅವನು ಊರೂರು ಹೇಳಿಕೊಂಡು ಬಂದಿದ್ದ. ಅದರಡಿಯಲ್ಲಿ ಎಲ್ಲೋ ಹೂತುಹೋಗಿದ್ದ ಇನ್ನೊಂದು ಬೆಳಗು ಈಗ ಮೆಲ್ಲಗೆ ಮೇಲೆ ಬಂತು. ಅವನು ತನ್ನ ಎರಡು ಅಂಗೈಗಳನ್ನು ಮುಂದೆ ಹಿಡಿದು ನೋಡಿದ.

"ನಾನ," ಎಂದ. "ಹಿಡಿಕಿ ಸುಡತಿತ್ತು. ಟವೆಲ್ಲಿನಾಗ ಹಿಡಕೊಂಡು ಒಯ್ದಿದ್ದೆ." ಅಂಗೈ ಮಡಚಿಕೊಂಡು ಕೇಳಿದ: "ನನಗ ಹ್ಯಾಂಗ ಮರತುಹೋತು ಹುಲಿಗಿ?"

ಉತ್ತರ ಗೊತ್ತಿದ್ದ ಇಂದುಮತಿಯವರು ಮುಚ್ಚಳದ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಹತ್ತೊಂಬತ್ತು ಸಾವುಗಳಲ್ಲಿ ಒಂದನ್ನು ಕಣ್ಣಾರೆ ಕಂಡು, ದೀಪವನ್ನು ತನ್ನ ಬಾಯಿಂದಲೇ ಊದಿ ಆರಿಸಿದ ಸಾಕ್ಷಿ ಇವನು. ಚಂದವಾಗಿ ಬರೆದ ಒಂದು ಸಾಲು ಅವನ ತಲೆಯೊಳಗಿಂದ ಆ ಸಾಕ್ಷಿಯನ್ನೂ ಒರೆಸಿ ಹಾಕಿತ್ತು.

ಕರೆಂಟು ಬಂದಾಗ ಏಳು ಗಂಟೆ. ಫ್ಯಾನು ಎಂಟು ತಾಸು ಓಡಿತು. ಅಷ್ಟೂ ಹೊತ್ತು ಶಿಕ್ಷಕಿ ಏಳಲಿಲ್ಲ, ಗಂಡಸರು ನೆರಳು ಹುಡುಕಿಕೊಂಡು ಹೋಗಲಿಲ್ಲ. ಹುಲಿಗೆವ್ವ ಹೋಗಿ ಎಲ್ಲರಿಗೂ ಮಜ್ಜಿಗೆ ತಂದಳು. ಫಕೀರಪ್ಪ ಎರಡೂ ಕೈಯಿಂದ ಲೋಟ ಹಿಡಿದು ಕುಡಿದ, ತಂಗಿಯ ಮುಖ ನೋಡಲು ಮಾತ್ರ ಅವನಿಗೆ ಆಗಲಿಲ್ಲ.

ಇಂದುಮತಿಯವರು ಇಲಾಖೆಗೆ ಕಾಗದ ಬರೆದು ತಪ್ಪೊಪ್ಪಿಕೊಂಡರು. ಸುಳ್ಳು ಯಾವುದು, ಯಾವ ದಿನ, ಯಾರು ಬರೆಸಿದ್ದು ಎಂಬುದನ್ನೆಲ್ಲ ತಮ್ಮ ಹೆಸರಿನಲ್ಲೇ ಬರೆದರು. ಹುಡುಗಿಯ ಹೆಸರು ಎಲ್ಲೂ ಬರದಂತೆ ನೋಡಿಕೊಂಡರು. ಇಲಾಖೆ ಹಳೆಯ ಕರಪತ್ರವನ್ನು ಹಿಂದಕ್ಕೆ ಕರೆಸಿತು. ಡಾ. ಮುಳಗುಂದ ಮತ್ತೊಂದು ಕೋರಿಕೆ ತಂದರು. ಬಿಳೇಹಾಳದ ಮೂವರ ಕಥೆಯನ್ನು ಮಲಪ್ರಭಾ ಬರೆದರೆ ಹಳೆಯದನ್ನು ಅಳಿಸಿಹಾಕುವಷ್ಟು ಬಿಗಿಯಾಗಿ ಬರೆಯಬಲ್ಲಳು, ಈ ಸಲ ಒಂದಕ್ಷರ ಸುಳ್ಳಿರುವುದು ಬೇಡ ಎಂದರು. ಕೇಳುವಾಗ ಅವರ ದನಿ ಬೇಡುವವರದಾಗಿತ್ತು.

"ಬ್ಯಾಡ್ರಿ ಸರ್," ಎಂದಳು ಹುಡುಗಿ. "ನಮ್ಮಪ್ಪನ ಕಿವ್ಯಾಗಿನ ಕಾಳು ಈಗ ಎಲ್ಲಾರಿಗೂ ಗೊತ್ತು. ನನಗ ಅಂತ ಒಂದೂ ಉಳಿದಿಲ್ಲ. ಅವರ ಮಕ್ಕಳಿಗರ ಇರ್ಲಿ."

ಅವಳು ಬರೆದುಕೊಟ್ಟದ್ದು ಏಳು ಸಾಲು. ಅದರಲ್ಲಿ ಮನುಷ್ಯರು ಇರಲಿಲ್ಲ. ಫ್ಯಾನು, ತಾಸು, ಮುಳ್ಳು, ಸೊನ್ನೆ. ಕರೇಮಡ್ಡಿಯಲ್ಲಿ ಹತ್ತನೆಯ ತರಗತಿಯ ಮೂವತ್ತೊಂದು ಮಕ್ಕಳು ಆ ಹಾಳೆ ಹಿಡಿದು ಹಗೇವುಗಳ ಬಳಿಗೆ ಹೋದರು. ಇಳಿಯುವವನ ಮುಖ ನೋಡಿ ಅದನ್ನು ಓದುತ್ತಿದ್ದರು, ಆಮೇಲೆ "ಈಗ ನೀವು ಏನು ಮಾಡ್ತೀರಿ, ಹೇಳ್ರಿ" ಎಂದು ಕೇಳುತ್ತಿದ್ದರು. ಲಾಟೀನು ಎಂದವನಿಗೆ ಮತ್ತೆ ಓದುತ್ತಿದ್ದರು. ಮೂರು ಸಲ, ಆರು ಸಲ. ಬೈಸಿಕೊಳ್ಳುತ್ತಿದ್ದರು. ಅವನು ಎಂಟು ತಾಸು ಎನ್ನುವವರೆಗೂ ಮುಚ್ಚಳದ ಮೇಲಿಂದ ಏಳುತ್ತಿರಲಿಲ್ಲ. ಆ ವರ್ಷ ಕರೇಮಡ್ಡಿಯಲ್ಲಿ ಯಾರೂ ಸಾಯಲಿಲ್ಲ.

ಉಳಿದ ಊರುಗಳಲ್ಲಿ ಮುಚ್ಚಳದ ಮೇಲೆ ಕೂರುವವರು ಇರಲಿಲ್ಲ. ಏಳು ಸಾಲಿನ ಹಾಳೆಯನ್ನು ಅಂಚೆಯಲ್ಲಿ ಕಳಿಸಿದರು. ಹಳೆಯ ಕರಪತ್ರವನ್ನು ಹಿಂದಕ್ಕೆ ಕೊಡಿ ಎಂದರೆ ಜನ ಕೊಡಲಿಲ್ಲ. ಕೆಲವರು ಅದಕ್ಕೆ ಚೌಕಟ್ಟು ಹಾಕಿಸಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಹನ್ನೊಂದು ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಇಪ್ಪತ್ತೇಳಾಯಿತು. ಆ ಒಂದೇ ವರ್ಷದಲ್ಲಿ.

ವರ್ಷದ ಕೊನೆಗೆ ಡಾ. ಮುಳಗುಂದ ಎರಡೂ ಬರಹಗಳ ಎಣಿಕೆ ಕಳಿಸಿದರು. ಇಂದುಮತಿಯವರು ಅದನ್ನು ತರಗತಿಯಲ್ಲಿ ಓದಲಿಲ್ಲ, ಒಬ್ಬರೇ ಕೂತು ಓದಿದರು. ಹೊಸ ಹಾಳೆಯನ್ನು ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಮೂರನೆಯ ಸಾಲಿಗೆ ಬಿಟ್ಟಿದ್ದರು. ಹಳೆಯದು ಇನ್ನೂ ಕೈಯಿಂದ ಕೈಗೆ ಹೋಗುತ್ತಿತ್ತು. ಓದಲು ಶುರು ಮಾಡಿದವರಲ್ಲಿ ಒಬ್ಬರೂ ಅದನ್ನು ನಡುವೆ ಬಿಟ್ಟಿರಲಿಲ್ಲ.